ಕಣ್ಣು ಮುಚ್ಚಿ ಹುಯ್ದ ಔಷಧಿ

ಐವತ್ತೇಳನೇ ಇಸವಿಯ ಫ್ಲೂ ಜ್ವರದ ಹಾವಳಿ ಇಳಿಯುವ ಹೊತ್ತಿಗೆ ಕಾಂಪೌಂಡರ್ ನೀಲಕಂಠಸ್ವಾಮಿಯ ಕೈ ಗಾಳಿಗೆ ಸಿಕ್ಕ ಅರಳಿ ಎಲೆಯಂತೆ ನಡುಗತೊಡಗಿತ್ತು.

"ನಿನ್ನ ನರಗಳಿಗೆ ವಿಶ್ರಾಂತಿ ಬೇಕು ಕಣಯ್ಯ. ಕೆಲಸದ ನಡುವೆ ಐದೈದು ನಿಮಿಷ ಕಣ್ಣು ಮುಚ್ಚಿ ಧ್ಯಾನ ಮಾಡು" ಎಂದರು ಡಾಕ್ಟರು.

ಬುಧವಾರ ಬೆಳಿಗ್ಗೆ ಅವನು ಔಷಧಿ ಕೊಡುವ ಕಿಟಕಿಯ ಹಿಂದೆ ನಿಂತೇ ಕಣ್ಣು ಮುಚ್ಚಿ ಶಿವ ಶಿವಾ ಎಂದುಕೊಂಡ. ಮನಸ್ಸು ತಣ್ಣಗಾಯಿತು. ಕೈ ಮಾತ್ರ ಹನ್ನೆರಡು ವರ್ಷದ ಅಭ್ಯಾಸದಂತೆ ದುಡಿಯುತ್ತಲೇ ಇತ್ತು. ಕೆಮ್ಮಿಗೆಂದು ಪುಟ್ಟಸಿದ್ದಮ್ಮ ಮನೆಯಿಂದ ತಂದಿದ್ದ ಸೀಸೆಗೆ ಔಷಧಿ ಹುಯ್ದಿತು. ಹೊತ್ತಿಗೆಷ್ಟು ಕುಡಿಯಬೇಕೆಂದು ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿತು. ಸಾಲಿನ ಕೊನೆಯವಳಾದ ಮುದುಕಿ ಹೊರಟುಹೋದಳು.

ಗಂಟೆ ಕಳೆದು ಕಣ್ಣು ತೆರೆದರೆ, ಎದುರಿಗೆ ಮುಚ್ಚಳ ತೆಗೆದ ಜಾಡಿ. ಮಂಡಿನೋವಿಗೆ ಹಚ್ಚುವ ಎಣ್ಣೆಯದು! ಕುಡಿದರೆ ಪ್ರಾಣಕ್ಕೇ ಅಪಾಯ. ಕೆಮ್ಮಿನ ಜಾಡಿಯ ಮುಚ್ಚಳ ಬಿಗಿಯಾಗಿ ಕೂತಿತ್ತು.

ನೀಲಕಂಠಸ್ವಾಮಿ ಹೊಳೆಯಾಚೆಯ ಅವಳ ಊರಿಗೆ ಓಡಿದ. ಲಕ್ಷ್ಮಣತೀರ್ಥದ ಹೊಳೆಯನ್ನು ಪಂಚೆ ಎತ್ತದೆಯೇ ದಾಟಿದ. ಆಚೆ ದಡದಲ್ಲಿ ಅದೇ ಊರಿನ ಮಂಟಯ್ಯ ಎತ್ತು ತೊಳೆಯುತ್ತಿದ್ದ.

"ಏನ್ ಸಾಮಿ, ನಿಮ್ ಔಸ್ದಿ ಕುಡಿದೋರು ಓಡೋದ ಕಂಡಿವ್ನಿ. ಕೊಟ್ಟೋರೇ ಓಡ್ತಾ ಇದ್ದೀರಲ್ಲ!"

"ಪುಟ್ಟಸಿದ್ದಮ್ಮ ಹೆಂಗವ್ಳಯ್ಯ?"

"ಅವ್ಳ ಮನೆ ತಾವ ಊರೇ ಸೇರ್ಕಂಡದೆ. ಓಗಿ ನೀವೇ ನೋಡಿ."

ಅವನು ಮತ್ತೆ ಓಡಿದ. ಮನೆಯ ಮುಂದೆ ನಿಜಕ್ಕೂ ಗುಂಪು. ಒಳಗಿನಿಂದ ಊದುಬತ್ತಿಯ ವಾಸನೆ. ಮುಗಿಯಿತು. ಪೊಲೀಸರು, ಮೈಸೂರು ಜೈಲು... ಅಷ್ಟರಲ್ಲಿ ಯಾರೋ ಕೆಮ್ಮಿದರು. ಪುಟ್ಟಸಿದ್ದಮ್ಮ! ಅಷ್ಟು ಇಂಪಾದ ಕೆಮ್ಮನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಔಷಧಿ ಕುಡಿದೆಯೇನಮ್ಮ?"

"ಅಯ್, ಬುಡಿ ಸಾಮಿ! ನೀವು ಕಣ್ಣು ಮುಚ್ಕಂಡು ಮಂತ್ರ ಆಕಿದ್ನ ನಾನ್ ನೋಡ್ಲಿಲ್ವಾ? ಕುಡುದ್ರೆ ನಂಗೊಬ್ಳಿಗೆ. ಮಡಗಿದ್ರೆ ಮನೇನೆಲ್ಲ ಕಾಯ್ತದೆ."

ಗೋಡೆಯ ಗೂಡಿನಲ್ಲಿ ಸೀಸೆ ವಿಭೂತಿ ಬಳಿದುಕೊಂಡು, ಸೇವಂತಿಗೆ ಮುಡಿದು ಕೂತಿತ್ತು.

"ಅದನ್ನ ಇಲ್ಲಿ ಕೊಡಮ್ಮ."

"ಕೊಡಾಕಿಲ್ಲ."

ನಿಜ ಹೇಳಿದರೆ ಕೆಲಸ ಹೋಗುತ್ತದೆ. ಬಿಟ್ಟು ಹೋದರೆ ನಾಳೆ ಯಾರಾದರೂ ಕುಡಿದಾರು. ನೀಲಕಂಠಸ್ವಾಮಿ ಬೆವರು ಒರೆಸಿಕೊಂಡು, "ಮಂತ್ರ ಅರ್ಧಕ್ಕೇ ನಿಂತುಹೋಗಿದೆ. ಅರ್ಧ ಮಂತ್ರ ಮನೇಲಿರಬಾರದು. ನಾಳೆ ಬಾ, ಪೂರ್ತಿ ಮಾಡಿಕೊಡ್ತೀನಿ" ಎಂದ.

ಮುದುಕಿ ಕೆಂಡ ಎತ್ತಿಹಾಕುವಂತೆ ಸೀಸೆಯನ್ನು ಅವನ ಕೈಗೆ ಹಾಕಿದಳು. ಹೊಳೆಯ ಮರಳಿನಲ್ಲಿ ಎಣ್ಣೆ ಚೆಲ್ಲಿ ಅವನು ಪೂರ್ತಿ ಉಸಿರೆಳೆದುಕೊಂಡ.

ಮರುದಿನ ಬೆಳಿಗ್ಗೆ ಸೀಸೆ ಹಿಡಿದವರ ಸಾಲು ಆಸ್ಪತ್ರೆಯ ಬಾಗಿಲಿಂದ ಹುಣಸೆಮರದವರೆಗೆ ನಿಂತಿತ್ತು. ದೂರದ ಹನಗೋಡಿನಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಅವನು ಚೀಟಿಯನ್ನು ಎರಡು ಸಲ ಓದಿ, ಜಾಡಿಯನ್ನು ಮೂರು ಸಲ ಮೂಸಿ, ಮೊದಲನೆಯವನಾದ ಮಂಟಯ್ಯನ ಸೀಸೆ ತುಂಬಿದ.

ಮಂಟಯ್ಯ ಕೈ ಹಿಂದಕ್ಕೆಳೆದುಕೊಂಡ. "ಇದ್ ಬ್ಯಾಡ ಸಾಮಿ. ಕಣ್ ಬುಟ್ಕಂಡು ಉಯ್ದಿದ್ದು ಯಾರಿಗ್ ಬೇಕು? ಪುಟ್ಟಸಿದ್ದಮ್ಮಂಗೆ ಉಯ್ದಂಗೆ ಮುಚ್ಕಂಡೇ ಉಯ್ಯಿರಿ. ನಾನ್ ಗೂಡ್ನಲ್ಲಿ ಮಡಗೋನಲ್ಲ, ಇಲ್ಲೇ ಕುಡುದ್ಬುಡ್ತೀನಿ."

ಒಳಗಿನಿಂದ ಡಾಕ್ಟರು ಕೂಗಿದರು: "ಧ್ಯಾನ ಮಾಡ್ತಾನೇ ಕೊಡಯ್ಯ! ಹನ್ನೆರಡರೊಳಗೆ ಇವರನ್ನೆಲ್ಲ ಕಳಿಸಬೇಕು."

ನೀಲಕಂಠಸ್ವಾಮಿ ಕಣ್ಣು ಮುಚ್ಚಿದ. ಕೈ ತನ್ನಷ್ಟಕ್ಕೆ ತಾನೇ ಯಾವುದೋ ಒಂದು ಜಾಡಿಯ ಕಡೆ ಹೊರಟಿತು.