ಸೊನ್ನೆ ಅಂಕದ ಸೀಸೆ

ಕೆಲವರಿಗೆ ಉಗುರು ಕಚ್ಚುವ ಚಟವಿರುತ್ತದೆ, ನನಗೆ ಅಂಕ ಕೊಡುವ ಚಟ. ದಿನಚರಿ ಬರೆಯಲು ಶುರುಮಾಡಿದಾಗಿನಿಂದ ಅಂಟಿಕೊಂಡದ್ದು. ಶಿವಮೊಗ್ಗದಿಂದ ಭದ್ರಾವತಿಗೆ ಓಡುವ ಬಸ್ಸುಗಳಿಗೂ ಸೀಟು, ವೇಗ, ಕಂಡಕ್ಟರನ ಮುಖಭಾವ ಎಂದು ಅಂಕ ಹಾಕಿ, ತಾರೀಖಿನ ಸಮೇತ ಕೂಡಿಸಿ ಇಟ್ಟಿದ್ದೆ. ಮೊದಲ ಸ್ಥಾನ ಪಡೆದ ಬಸ್ಸು ನಾನು ಹೊರಡುವ ಹೊತ್ತಿಗೆ ಇರುತ್ತಲೇ ಇರಲಿಲ್ಲ ಎನ್ನುವುದು ಬೇರೆ ಮಾತು.

ತೊಂಬತ್ತರ ದಶಕದ ಕೊನೆಯಲ್ಲಿ ಭದ್ರಾವತಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೊಬೇಷನ್ ಮೇಲೆ ಕೆಮಿಸ್ಟ್ ಆಗಿದ್ದೆ. ಒಂದು ಶನಿವಾರ ಮ್ಯಾನೇಜರ್ ರುದ್ರಪ್ಪನವರು ಕೊಟ್ಟ ಕೆಲಸ ಕೇಳಿ ನನಗೆ ಹಬ್ಬವೇ ಆಯಿತು. ಗೋದಾಮಿನ ಹಿಂದೆ ಚರಂಡಿ, ಅದು ಹೋಗಿ ಸೇರುವುದು ಹೊಳೆಗೆ. "ಇಲ್ಲಿರೋ ಕೆಮಿಕಲ್‌ಗಳಲ್ಲಿ ಯಾವ್ದು ಹೊಳೆಗೆ ಸೇರಿದ್ರೆ ಜಾಸ್ತಿ ಅಪಾಯ ಅಂತ ನಂಬರ್ ಹಾಕ್ಕೊಂಡು ಬಾ ಮಾರಾಯ. ಮೊದಲ ನಂಬರಿನದನ್ನ ಮೊದಲು ದೂರ ಸಾಗಿಸೋಣ. ಸೋಮವಾರ ಪಟ್ಟಿ ನೋಡ್ಕೊಂಡು ನಿನ್ನ ಕೆಲಸ ಖಾಯಂ ಮಾಡೋ ವಿಷಯ ಮಾತಾಡ್ತೀನಿ" ಎಂದರು. ವಿಷವೆಷ್ಟು, ನೀರಿನಲ್ಲಿ ಎಷ್ಟು ಕಾಲ ಉಳಿಯುತ್ತದೆ, ನಮ್ಮಲ್ಲಿ ಎಷ್ಟಿದೆ ಎಂದು ಮೂರಕ್ಕೂ ಅಂಕ ಕೊಟ್ಟು ಗುಣಿಸಿದೆ. ಮಾಹಿತಿ ಸಿಗದ ಕಡೆ ಸೊನ್ನೆ ಹಾಕಿದೆ. ಖಾಲಿ ಬಿಟ್ಟರೆ ಪುಟದ ಅಂದ ಕೆಡುತ್ತದಲ್ಲ!

ಭಾನುವಾರ ಆ ಉತ್ಸಾಹ ಶಿವಮೊಗ್ಗದ ವಿನೋಬನಗರದಲ್ಲಿದ್ದ ನಮ್ಮ ಮನೆಗೂ ನುಗ್ಗಿತು. ಫಿನಾಯಿಲು, ನುಸಿಗುಳಿಗೆ, ಜಿರಲೆ ಪುಡಿ, ಅಪ್ಪನ ಹೇರ್ ಡೈ ಎಲ್ಲವನ್ನೂ ಹಜಾರದಲ್ಲಿ ಸಾಲಾಗಿ ನಿಲ್ಲಿಸಿ, ಲೇಬಲ್ ಓದಿ ಅಂಕ ಹಾಕಿದೆ. ಹೆಚ್ಚು ಅಂಕದವು ಅಟ್ಟಕ್ಕೆ, ಕಡಿಮೆಯವು ಕೆಳಕ್ಕೆ. ಹೇರ್ ಡೈ ಅಟ್ಟ ಸೇರಿತು, ಅಪ್ಪ ಮುಖ ಗಂಟಿಕ್ಕಿಕೊಂಡು ಪೇಪರಿನ ಹಿಂದೆ ಸೇರಿದರು. ಅಟ್ಟದಿಂದ ಇಳಿದದ್ದು ಒಂದೇ, ಹಳೆಯ ಶರಬತ್ತಿನ ಸೀಸೆ. ಅದಕ್ಕೆ ಲೇಬಲ್ಲೇ ಇರಲಿಲ್ಲ.

"ಲೋ, ಅದನ್ಯಾಕೋ ಇಳಿಸಿದೆ? ಬೇಕಂತಲೇ ಮೇಲಿಟ್ಟಿದ್ದೆ" ಎಂದರು ಅಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಅದರ ಬಗ್ಗೆ ಮಾಹಿತಿನೇ ಇಲ್ಲಮ್ಮ. ಅದಕ್ಕೇ ಸೊನ್ನೆ."

"ನನ್ನ ಕೇಳಿದ್ರೆ ಸಿಗ್ತಿತ್ತು ಮಾಹಿತಿ."

"ಬಾಯಿಮಾತು ನಡೆಯಲ್ಲ, ಬರಹದಲ್ಲಿರಬೇಕು" ಎಂದೆ.

ಅಷ್ಟರಲ್ಲಿ ಕುಕ್ಕರ್ ಕೂಗಿ ಅಮ್ಮ ಒಳಗೆ ಓಡಿದರು. ನಾನು ನನ್ನ ಏರ್ಪಾಡಿನ ಅಂದ ನೋಡಲು ಒಂದೆರಡು ಹೆಜ್ಜೆ ಹಿಂದಕ್ಕೆ ಸರಿದೆ. ಹಿಮ್ಮಡಿ ತಗುಲಿ ಸೀಸೆ ಉರುಳಿ, ಬಿರಡೆ ಕಳಚಿತು. ಅಮ್ಮ ಕೊಬ್ಬರಿ ಎಣ್ಣೆ ಸವರಿ ಕನ್ನಡಿ ಮಾಡಿಟ್ಟುಕೊಂಡಿದ್ದ ಕೆಂಪು ನೆಲ ಬುಸುಬುಸು ನೊರೆಗಟ್ಟಿತು.

"ಸೈಕಲ್‌ನಲ್ಲಿ ಮಾರ್ಕೊಂಡು ಬರ್ತಾನಲ್ಲ, ಬಚ್ಚಲು ತೊಳೆಯೋ ಆಸಿಡ್ ಕಣೋ ಅದು!" ಎನ್ನುತ್ತ ಅಮ್ಮ ಬಕೆಟ್ಟುಗಟ್ಟಲೆ ನೀರು ಸುರಿದರು. ನೊರೆ ಹೋಯಿತು, ಜೊತೆಗೆ ನೆಲದ ಬಣ್ಣವೂ ಹೋಯಿತು. ಅಪ್ಪ ಪೇಪರು ಇಳಿಸಿ, "ನನ್ನ ಹೇರ್ ಡೈ ಬಳಿದು ನೋಡು, ಬಣ್ಣ ಕೂತ್ಕೊಂಡ್ರೂ ಕೂತ್ಕೊಳ್ಳಬಹುದು" ಎಂದರು.

ಮರುದಿನ ಬಸ್ಸಿನಲ್ಲಿ ಜೋತುಬಿದ್ದಿದ್ದಾಗ ಥಟ್ಟನೆ ಒಂದು ವಿಷಯ ಹೊಳೆಯಿತು. ನನ್ನ ಪಟ್ಟಿಯ ಕೊನೆಯಲ್ಲಿ, ಸೊನ್ನೆ ಹೊತ್ತುಕೊಂಡು, ಯಾವ ಕಾಗದಪತ್ರವೂ ಇಲ್ಲದ ಹಸಿರು ಡ್ರಮ್ಮೊಂದು ಚರಂಡಿಯ ಅಂಚಿನಲ್ಲೇ ಹಾಯಾಗಿ ನಿಂತಿತ್ತು. ಇಳಿದವನೇ ಆ ಸೊನ್ನೆಯನ್ನು ಹೊಡೆದುಹಾಕಿ ಡ್ರಮ್ಮನ್ನು ಮೊದಲ ಸ್ಥಾನಕ್ಕೇರಿಸಿದೆ.

"ಏನಂತಲೇ ಗೊತ್ತಿಲ್ಲದ್ದಕ್ಕೆ ಮೊದಲ ನಂಬರಾ?" ಎಂದು ರುದ್ರಪ್ಪನವರು ಹುಬ್ಬೇರಿಸಿದರು.

"ಗೊತ್ತಾಗೋವರೆಗೂ ಅದನ್ನ ಎಲ್ಲಕ್ಕಿಂತ ಅಪಾಯ ಅಂತಲೇ ಇಟ್ಕೋಬೇಕು ಸಾರ್. ಮನೇಲಿ ಪ್ರಯೋಗ ಮಾಡಿದ್ದೀನಿ."

ಅವರಿಗೆ ನಿಯಮ ಬಹಳ ಹಿಡಿಸಿತು. ಡ್ರಮ್ಮು ಅಂದೇ ಜಾಗ ಖಾಲಿಮಾಡಿತು. ಇದೇ ಸಮಯವೆಂದು, "ಸಾರ್, ನನ್ನ ಖಾಯಂ ವಿಷಯ..." ಎಂದು ರಾಗ ಎಳೆದೆ.

"ನೀನು ಹೊಸಬ. ನಿನ್ನ ಬಗ್ಗೆ ನಮ್ಮತ್ರ ಬರಹದಲ್ಲಿ ಮಾಹಿತಿ ಸಾಲದು, ಬಾಯಿಮಾತು ನಂಬೋಕಾಗಲ್ಲ ಮಾರಾಯ. ನಿನ್ನ ನಿಯಮಾನೇ ಇಟ್ಕೊಳ್ಳೋಣ. ಇನ್ನಾರು ತಿಂಗಳು ನೋಡ್ತೀನಿ" ಎಂದರು.

ಮನೆಗೆ ಬಂದು ಹೇಳಿದಾಗ ಅಮ್ಮ ಆ ಬೋಳು ಕಲೆಯ ಮೇಲೆ ಚಾಪೆ ಎಳೆಯುತ್ತಿದ್ದರು. "ಅದಕ್ಯಾಕೆ ಆರು ತಿಂಗಳು? ನಿನ್ನ ಬಗ್ಗೆ ಮಾಹಿತಿ ಬೇಕಾದ್ರೆ ನನ್ನನ್ನ ಕೇಳಬಹುದಿತ್ತಲ್ಲ!"

ರುದ್ರಪ್ಪನವರೂ ಬಾಯಿಮಾತನ್ನು ನಂಬುವವರಲ್ಲ ಎಂಬುದನ್ನು ನೆನೆದು, ಅಂದು ನಾನು ಮನಸಾರೆ ಸಮಾಧಾನಪಟ್ಟೆ.