ಚಪ್ಪಲಿ ಬಿಟ್ಟ ಹೆಂಡತಿ ಮತ್ತು ಇಂದ್ರನ ಅಂಜಿಕೆ

ನಾನು ದೇವರಿಗೆ ಅಷ್ಟಾಗಿ ಹೆದರುವವನಲ್ಲ. ದೇವರು ದೊಡ್ಡವನು, ನೂರೆಂಟು ಕೆಲಸದವನು. ಇಂಡಿ ಬಸ್ ನಿಲ್ದಾಣದ ಒಬ್ಬ ಕಂಟ್ರೋಲರನ ಮೇಲೆ ಕಣ್ಣಿಟ್ಟು ಕೂರುವಷ್ಟು ಪುರುಸೊತ್ತು ಅವನಿಗಿಲ್ಲ ಎಂದೇ ನನ್ನ ನಂಬಿಕೆ. ನಾನು ಹೆದರುವುದು ಭಕ್ತರಿಗೆ. ಅದರಲ್ಲೂ ವ್ರತ, ನೇಮ, ಹರಕೆ ಎಂದು ಏನಾದರೊಂದನ್ನು ಬಿಟ್ಟು ಕೂತ ಭಕ್ತರಿಗೆ. ಚಿಕ್ಕವನಿದ್ದಾಗ ಪುರಾಣ ಕೇಳಲು ಹೋದರೆ ಒಂದು ಮಾತು ತಪ್ಪದೇ ಬರುತ್ತಿತ್ತು: ಕಾಡಿನಲ್ಲಿ ಯಾರೋ ಒಬ್ಬ ಋಷಿ ಒಂಟಿಗಾಲಿನ ಮೇಲೆ ತಪಸ್ಸಿಗೆ ನಿಂತ, ಅಲ್ಲಿ ಮೇಲೆ ಇಂದ್ರನ ಸಿಂಹಾಸನ ನಡುಗಿತು. ನನಗೆ ಆ ಇಂದ್ರನ ಬಗ್ಗೆ ಬಹಳ ತಾತ್ಸಾರವಿತ್ತು. ಯಾರೋ ಕಾಡಿನಲ್ಲಿ ಗಾಳಿ ಕುಡಿದು ನಿಂತರೆ ನಿನಗೇನಯ್ಯಾ ಕಷ್ಟ, ಅಮೃತ ಕುಡಿದು ಹಾಯಾಗಿರಬಾರದೇ ಅನ್ನಿಸುತ್ತಿತ್ತು. ಈ ವರ್ಷ ಶಿವರಾತ್ರಿ ಕಳೆದ ಮರುದಿನ ನನ್ನ ಹೆಂಡತಿ ಸುವರ್ಣಾ ಚಪ್ಪಲಿ ಬಿಟ್ಟಳು. ಅಂದಿನಿಂದ ಇಂದ್ರನ ಸಂಕಟ ನನಗೂ ಅರ್ಥವಾಗಿದೆ.

ನನಗೂ ಒಂದು ಸಿಂಹಾಸನವಿದೆ. ನಿಲ್ದಾಣದ ಕಂಟ್ರೋಲ್ ರೂಮಿನ ಕಟ್ಟಿಗೆಯ ಕುರ್ಚಿ. ಅದರ ಒಂದು ಕಾಲು ಅಲುಗಾಡುತ್ತಿದ್ದುದರಿಂದ ತಂತಿ ಸುತ್ತಿ ಬಿಗಿದಿದ್ದೇನೆ. ಅದರ ಮೇಲೆ ಕೂತು, ಸಿಂದಗಿಗೆ ಹೋಗುವವರು ಇತ್ತ ಬನ್ನಿ, ಮುದ್ದೇಬಿಹಾಳಕ್ಕೆ ಹೋಗುವವರು ಅತ್ತ ಹೋಗಿ ಎಂದು ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ಕಿಟಕಿಯ ಆಚೆಗೆ ಭಜಿ ಗಾಡಿ. ಸಂಜೆಯಾದರೆ ಸಾಕು, ಮಿರ್ಚಿ ಭಜಿ ಕರಿಯುವ ವಾಸನೆ ನೇರವಾಗಿ ಒಳಗೆ ಬರುತ್ತದೆ. ವಾಸನೆಯನ್ನು ಮಾತ್ರ ಬರಗೊಡುವುದು ನ್ಯಾಯವಲ್ಲವೆಂದು ನಾನು ಒಂದು ಪ್ಲೇಟು ಭಜಿಯನ್ನೂ ಬರಗೊಡುತ್ತಿದ್ದೆ. ಇದರಿಂದಲೋ ಏನೋ, ಶಿವರಾತ್ರಿಗೆ ಮುಂಚೆ ಎದೆ ಉರಿ ಶುರುವಾಗಿ, ಸುವರ್ಣಾ ನನ್ನನ್ನು ವಿಜಯಪುರಕ್ಕೆ ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಅವರು ಅಲ್ಲಿ ಒತ್ತಿ, ಇಲ್ಲಿ ತಟ್ಟಿ, "ಕರದ ಪದಾರ್ಥ ಬಿಟ್ಟುಬಿಡ್ರಿ" ಎಂದರು. ಕಂಡಕ್ಟರರು "ಮುಂದ ಸರೀರಿ" ಅನ್ನುವ ಹಾಗೆ ಡಾಕ್ಟರರು "ಬಿಡ್ರಿ" ಅನ್ನುತ್ತಾರೆ, ಯಾರೂ ಸರಿಯುವುದಿಲ್ಲ ಎಂದುಕೊಂಡು ನಾನು ಗೋಣು ಹಾಕಿ ಔಷಧಿ ತರಲು ಹೋದೆ. ತಿರುಗಿ ಬಂದಾಗ ಡಾಕ್ಟರರೂ ನನ್ನ ಹೆಂಡತಿಯೂ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ನನ್ನನ್ನು ಕಂಡೊಡನೆ ಇಬ್ಬರೂ ಮಾತು ನಿಲ್ಲಿಸಿದರು. ಬಸ್ಸಿನಲ್ಲಿ ಕೇಳಿದರೆ ಸುವರ್ಣಾ, "ಏನಿಲ್ರಿ, ಹಂಗ ಮಾತಾಡಾಕತ್ತಿದ್ವಿ" ಎಂದು ಕಿಟಕಿಯ ಹೊರಗೆ ನೋಡಿದಳು.

ಅದಾದ ಸ್ವಲ್ಪ ದಿನಕ್ಕೆ ಈ ಚಪ್ಪಲಿಯ ಪ್ರಕರಣ. ಬರಿಗಾಲಲ್ಲಿ ಸಂತೆಗೆ ಹೊರಟವಳನ್ನು ನಿಲ್ಲಿಸಿ, "ಯಾಕ, ಚಪ್ಪಲಿ ಹರದಾವೇನು?" ಎಂದು ಕೇಳಿದೆ.

"ಇಲ್ರಿ, ಹರಕಿ ಐತಿ. ತೀರೂತನಾ ಮೆಟ್ಟಂಗಿಲ್ಲ."

"ಯಾತರ ಹರಕಿ?"

"ಹೇಳಬಾರದ್ರಿ. ಹೇಳಿದ್ರ ಫಲ ಹೋಗ್ತೈತಿ."

ನಮ್ಮ ಕಡೆ ಇದು ಕಾಯಿದೆ. ಏನು ಬಿಟ್ಟೆ ಎಂಬುದು ಊರಿಗೆಲ್ಲ ಗೊತ್ತಾಗಬೇಕು, ಯಾಕೆ ಬಿಟ್ಟೆ ಎಂಬುದು ದೇವರೊಬ್ಬನಿಗೆ ಗೊತ್ತಿರಬೇಕು. ಉಳಿದವರು ಬಿಟ್ಟಿದ್ದರ ತೂಕ ನೋಡಿ ಬಂದಿರುವ ಕಷ್ಟದ ತೂಕವನ್ನು ಅಂದಾಜು ಮಾಡಿಕೊಳ್ಳಬೇಕು. ಈ ಅಂದಾಜಿನಲ್ಲಿ ನನ್ನ ಗೆಳೆಯ ಈರಣ್ಣ ನಿಸ್ಸೀಮ. ಅವನು ಸಿಂದಗಿ ಬಸ್ಸಿನ ಕಂಡಕ್ಟರ್, ಹರಕೆ ಹೊರುವ ತಾಯಿಯ ಮಗ. ಅವನ ಮುಂದೆ ವಿಷಯ ಇಟ್ಟೆ.

"ಸಣ್ಣ ಪುಟ್ಟ ತ್ರಾಸಿಗೆ ಕಾಯಿ ಒಡಸ್ತಾರ್ರಿ ಸಾಹೇಬ್ರ. ಮಗಳಿಗೆ ವರ ಕೂಡಿ ಬರ್ಲಿ ಅಂತ ಸೋಮವಾರ ಒಪ್ಪತ್ತು ಮಾಡ್ತಾರ. ಚಪ್ಪಲಿ ಬಿಟ್ಟಾರ ಅಂದ್ರ ಮಾತು ಬ್ಯಾರೆ. ನಮ್ಮವ್ವ ಒಮ್ಮೆ ಮಾತ್ರ ಬಿಟ್ಟಿದ್ಲು ನೋಡ್ರಿ, ನಮ್ಮಪ್ಪ ದವಾಖಾನ್ಯಾಗ ಇದ್ದಾಗ."

"ನಿಮ್ಮಪ್ಪ ಆರಾಮ ಆದ್ರೇನು?"

ಈರಣ್ಣ ನನ್ನ ಮುಖ ನೋಡಿದ. "ಬಸ್ ಬಿಡೂ ಟೈಮ್ ಆತ್ರಿ" ಎಂದವನೇ ಸೀಟಿ ಊದಿ ಬಸ್ ಹತ್ತಿಬಿಟ್ಟ.

ನಾನು ಕುರ್ಚಿಯ ಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮ ಮಗಳು ಬಸವನ ಬಾಗೇವಾಡಿಯಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಹೊಲವಿಲ್ಲದ್ದರಿಂದ ಬದುವಿನ ಜಗಳವಿಲ್ಲ, ಕೋರ್ಟು ಕಚೇರಿಯಿಲ್ಲ. ತಂಗಡಗಿಯಲ್ಲಿರುವ ನಮ್ಮ ಅತ್ತೆ ಈಗಲೂ ನದಿಗಿಳಿದು ತಣ್ಣೀರು ಸ್ನಾನ ಮಾಡುವ ಗಟ್ಟಿ ಹೆಂಗಸು. ಹೀಗೆ ಒಬ್ಬೊಬ್ಬರನ್ನೇ ಕಳೆಯುತ್ತ ಬಂದರೆ ಕೊನೆಗೆ ಉಳಿದವನು ನಾನೇ.

ತಪಸ್ಸೆಂದರೆ ಹೆದರುವಂಥದ್ದೇನೂ ಅಲ್ಲ ಎಂದು ನನಗೆ ಮೊದಲು ಕಲಿಸಿದವಳು ನಮ್ಮ ಅಜ್ಜಿ. ಆಕೆಯ ಏಕಾದಶಿಗೆ ಇಡೀ ಮನೆ ಕಾಯುತ್ತಿತ್ತು. ಸಾಬುದಾಣಿ ಖಿಚಡಿ, ಅದರ ಮೇಲೆ ಶೇಂಗಾ ಪುಡಿ, ಆಲೂಗಡ್ಡೆ ಪಲ್ಯ, ಬಾಳೆಹಣ್ಣು, ಗಟ್ಟಿ ಮೊಸರು. ಇವನ್ನೆಲ್ಲ ಮುಗಿಸಿ ಅಜ್ಜಿ, "ಉಪಾಸ ಇದ್ದೇನಿ, ಮಾತಾಡಸಬ್ಯಾಡ್ರಿ" ಎಂದು ಮಲಗಿಬಿಡುತ್ತಿದ್ದಳು. ಅಂಥ ಉಪವಾಸದಿಂದ ಯಾವ ದೇವಲೋಕಕ್ಕೂ ಧಕ್ಕೆಯಿಲ್ಲ. ಸುವರ್ಣಾ ಹಾಗಲ್ಲ. ಆಕೆಗೆ ಕಳೆಯುವುದು ಮಾತ್ರ ಗೊತ್ತು. ಹೋಳಿ ಹುಣ್ಣಿಮೆಯಾದ ಮೇಲೆ ಚಹಾ ಬಿಟ್ಟಳು. ಯುಗಾದಿಯಾದ ಮೇಲೆ ಸಂಜೆಯ ಊಟಕ್ಕೆ ಉಪ್ಪು ಬಿಟ್ಟಳು. ಒಂದೊಂದು ಬಿಟ್ಟಾಗಲೂ ನನ್ನ ಕಾಯಿಲೆ ಒಂದೊಂದು ಮೆಟ್ಟಿಲು ಏರುತ್ತಿತ್ತು. ಆಕೆ ಚಹಾ ಬಿಟ್ಟ ದಿನ ನನಗೆ ಎಡಗೈ ಜೋಮು ಹಿಡಿಯಿತು. ಉಪ್ಪು ಬಿಟ್ಟ ದಿನ ಮುದ್ದೇಬಿಹಾಳದ ಬಸ್ಸನ್ನು ಸಿಂದಗಿಯದೆಂದು ಮೈಕಿನಲ್ಲಿ ಕೂಗಿಬಿಟ್ಟೆ. ಗಂಟುಮೂಟೆ ಹೊತ್ತು ಆ ಕಡೆಯಿಂದ ಈ ಕಡೆಗೆ ಓಡಿದ ಜನ ಕಿಟಕಿಗೆ ಬಂದು ನನ್ನ ಹಿರಿಯರನ್ನೆಲ್ಲ ನೆನೆದು ಹೋದರು.

ಅಷ್ಟರಲ್ಲಿ ಬಿಸಿಲು ಏರಿತು. ನಮ್ಮ ಇಂಡಿಯ ಬಿಸಿಲನ್ನು ಬಲ್ಲವರು ಬಲ್ಲರು, ಡಾಂಬರು ಮೆತ್ತಗಾಗುತ್ತದೆ. ಸುವರ್ಣಾ ಗುಡಿಯಿಂದ ಬರುವಾಗ ಗೋಡೆಯ ನೆರಳು ಹುಡುಕುತ್ತ, ನೆರಳಿಲ್ಲದ ಕಡೆ ಬೇಗ ಬೇಗ ಹೆಜ್ಜೆ ಕೀಳುತ್ತ ಬರುವುದನ್ನು ದೂರದಿಂದ ನೋಡಿದೆ. ನನಗೆ ಅಳು ಬಂತು. ನಾನು ಸಾಯುತ್ತೇನೆಂಬ ದುಃಖ ಯಾವುದು, ಆಕೆಯ ಕಾಲು ಸುಡುತ್ತಿದೆಯೆಂಬ ದುಃಖ ಯಾವುದು ಎಂದು ಬಿಡಿಸಿ ಹೇಳಲು ಆಗಲಿಲ್ಲ. ನೇರವಾಗಿ ಹನುಮಂತ ದೇವರ ಗುಡಿಗೆ ಹೋಗಿ ಕೈಮುಗಿದು, ಆಕೆಯ ಹರಕೆ ತೀರುವತನಕ ನಾನು ಮಿರ್ಚಿ ಭಜಿ ಮುಟ್ಟುವುದಿಲ್ಲ ಎಂದೆ. ಆಕೆ ಎಳೆಯುತ್ತಿರುವ ಗಾಡಿಗೆ ನನ್ನದೂ ಒಂದು ಕೈ ಇರಲಿ ಎಂಬ ಎಣಿಕೆ. ಯಾರಿಗೂ ಹೇಳಲಿಲ್ಲ. ಭಜಿ ಗಾಡಿಯವನು, "ಯಾಕ್ರಿ ಸಾಹೇಬ್ರ, ನನ್ನ ಮ್ಯಾಲ ಸಿಟ್ಟೇನ್ರಿ?" ಎಂದರೂ ಬಾಯಿ ಬಿಡಲಿಲ್ಲ. ಸಂಜೆ ಎಣ್ಣೆ ಕಾಯುವ ಹೊತ್ತಿಗೆ ಕಿಟಕಿ ಮುಚ್ಚಿ, ಬೆವರು ಒರೆಸಿಕೊಳ್ಳುತ್ತ ಬಸ್ಸುಗಳ ಹೆಸರು ಕೂಗುತ್ತಿದ್ದೆ.

ಕೆಲವು ವಾರ ಕಳೆದವು. ಒಂದು ಸಂಜೆ ಸುವರ್ಣಾ ಪಲ್ಯಕ್ಕೆ ಉಪ್ಪು ಹಾಕಿಕೊಂಡು ಉಂಡಳು. ಮುಂದೆ ಚಹಾ ಕುಡಿದಳು. ಬಸವ ಜಯಂತಿಯ ದಿನ ಚಪ್ಪಲಿ ಮೆಟ್ಟಿಕೊಂಡು ಟಪ್ ಟಪ್ ಎಂದು ಅಂಗಳ ದಾಟಿದಳು. ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರು. ನನಗೆ ಬೇರೆಯೇ ಯೋಚನೆ ಬಂತು. ಇನ್ನು ಉಪಯೋಗವಿಲ್ಲವೆಂದು ಹರಕೆಯನ್ನೇ ಕೈಬಿಟ್ಟಳೇ? ಕಟ್ಟೆಯ ಮೇಲೆ ಕೂತು ಆಕೆಯನ್ನು ಕರೆದೆ.

"ಸುವರ್ಣಾ, ಖರೇ ಹೇಳು. ಡಾಕ್ಟರ್ ಎಷ್ಟು ದಿನಾ ಅಂದಾರ?"

"ಯಾರಿಗ್ರಿ?"

"ನನಗ."

ಆಕೆ ಮೊದಲು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ವಿಷಯ ತಿಳಿದು, ಸೆರಗು ಬಾಯಿಗೆ ಹಿಡಿದು ನಕ್ಕಳು. "ಡಾಕ್ಟರ್ ಹೇಳಿದ್ರ ಕೇಳಲಿಲ್ಲ ನೀವು. ನಾ ಹೇಳಿದ್ರ ಕೇಳಲಿಲ್ಲ. ಈಗ ಬಿಟ್ರ ಆರಾಮ ಇರ್ತಾರ, ಇಲ್ಲಂದ್ರ ಮುಂದ ಭಾಳ ತ್ರಾಸ ಐತಿ ಅಂತ ಅವರು ನನಗ ಹೇಳಿದ್ರು. ಇನ್ನ ಯಾರ ಮುಂದ ಹೇಳ್ಕೋಬೇಕ್ರಿ? ಯಾರೂ ಹೇಳದನ ತಾವಾಗಿ ಭಜಿ ಬಿಡ್ಲಿ ಅಂತ ದೇವರಿಗೆ ಹರಕಿ ಹೊತ್ತೆ. ಬಿಟ್ರಿ. ಅಂಗಿಗೆ ಎಣ್ಣಿ ವಾಸನಿ ಬರೂದು ನಿಂತಾಗ ಗೊತ್ತಾತು. ಹರಕಿ ತೀರಿತು, ಅದಕ ಈಗ ಹೇಳಾಕತ್ತೇನಿ." ಹೀಗೆಂದು ಕಾಲು ಚಾಚಿ ಕೂತಳು. ಅಂಗಾಲು ಕಪ್ಪಗಾಗಿ ಸೀಳಿತ್ತು. "ನನಗೂ ಅಂಜಿಕಿ ಇತ್ತ್ರಿ" ಎಂದಳು, ಈ ಸಲ ನಗದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಆದರೆ ಸಾಯುವುದಿಲ್ಲ ಎಂದು ಗೊತ್ತಾದವನಿಗೆ ಹಸಿವು ಜಾಸ್ತಿ. ಆಕೆಯ ಹರಕೆ ತೀರುವತನಕ ಎಂದಲ್ಲವೇ ನಾನು ದೇವರಿಗೆ ಹೇಳಿದ್ದು? ತೀರಿತಲ್ಲ, ಅಂದಮೇಲೆ ನನ್ನದೂ ತೀರಿತು ಎಂದು ನನ್ನೊಳಗಿನ ವಕೀಲ ವಾದಿಸಿದ. ಮರುವಾರ ಕಿಟಕಿ ತೆರೆದೆ. ಒಂದೇ ಒಂದು ಮಿರ್ಚಿ. ಆಮೇಲೆ ಸಾಬೂನು ಹಚ್ಚಿ ಕೈ ತೊಳೆದು, ಬಡೇಸೋಪು ಅಗಿದು ಮನೆಗೆ ಹೋದೆ. ಸುವರ್ಣಾ ರೊಟ್ಟಿ ಬಡಿಸಿದಳು. ಒಮ್ಮೆ ನನ್ನ ಅಂಗಿಯ ಹತ್ತಿರ ಬಗ್ಗಿದಳು ಅನ್ನಿಸಿತು. ಪಲ್ಯ ತರಲು ಒಳಗೆ ಹೋದಳು.

ಮರುದಿನ ಆಕೆ ಸಂತೆಗೆ ಹೋದಳು. ಚಪ್ಪಲಿ ಮಾತ್ರ ಹೊಸ್ತಿಲ ಪಕ್ಕದಲ್ಲೇ ಇದ್ದವು.

ನಾನು ಅವುಗಳ ಮುಂದೆ ಬಹಳ ಹೊತ್ತು ನಿಂತೆ. ಆಮೇಲೆ ಹಾಕಿಕೊಂಡಿದ್ದ ಬೂಟು ಕಳಚಿ ಅವುಗಳ ಪಕ್ಕದಲ್ಲಿಟ್ಟು, ಖಾಕಿ ಡ್ರೆಸ್ಸಿನ ಕೆಳಗೆ ಬರಿಗಾಲಲ್ಲಿ ಡ್ಯೂಟಿಗೆ ಹೊರಟೆ. ನಿಲ್ದಾಣದ ಕಾಂಕ್ರೀಟು ಅಂದು ಕಾದ ಹಂಚಾಗಿತ್ತು. ಕುಣಿಯುತ್ತ ಬಂದ ನನ್ನನ್ನು ಈರಣ್ಣ ತಲೆಯಿಂದ ಕಾಲಿನವರೆಗೆ ನೋಡಿ, ಕಾಲಿನ ಹತ್ತಿರ ಕಣ್ಣು ನಿಲ್ಲಿಸಿದ.

"ಸಾಹೇಬ್ರ, ಮನ್ಯಾಗ ಯಾರಿಗೆ ಆರಾಮಿಲ್ರಿ?"

"ಬಸ್ ಬಿಡೂ ಟೈಮ್ ಆತು, ನಡಿಯಪಾ" ಎಂದು ಒಳಗೆ ಹೋಗಿ ಮೈಕ್ ಹಿಡಿದೆ. ಕೂತ ಕುರ್ಚಿ ನಡುಗುತ್ತಿತ್ತು. ಸುತ್ತಿದ ತಂತಿ ಸಡಿಲಾಗಿರಬೇಕೆಂದು ಬಗ್ಗಿ ನೋಡಿದೆ. ತಂತಿ ಬಿಗಿಯಾಗಿಯೇ ಇತ್ತು. ನಡುಗುತ್ತಿದ್ದದ್ದು ನನ್ನ ಕಾಲು.