ಖಳನಾಯಕನಿಗೆ ನಾನು ಬರೆದ ಮೀಸೆ

ಖಳನಾಯಕರ ವಿಷಯದಲ್ಲಿ ಅಜ್ಜಂಪುರದಲ್ಲಿ ನನ್ನಷ್ಟು ತಿಳಿದವರಿಲ್ಲ ಎಂದು ನಂಬಿದ್ದೆ. ಕಾರಣವೂ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷದಿಂದ ಮೊಣಕಾಲು ಕೈಕೊಡುವವರೆಗೆ, ತರೀಕೆರೆಯಿಂದ ದೇವನೂರಿನವರೆಗೆ ನಮ್ಮ ಹವ್ಯಾಸಿ ನಾಟಕಗಳಲ್ಲಿ ಖಳನ ಪಾತ್ರ ನನ್ನದೇ. ನಾನು ರಂಗಕ್ಕೆ ಬಂದು ನಕ್ಕರೆ ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿಗೆ ಓಡುತ್ತಿದ್ದವು. ಆ ಹೆಮ್ಮೆಯೇ ನನ್ನನ್ನು ಕೆಡಿಸಿತು.

ನಮ್ಮ ಮನೆಯಲ್ಲೇ ಇರುವ ಮೊಮ್ಮಗಳು ಭೂಮಿಕಾ ಒಂಬತ್ತನೇ ತರಗತಿ. ಕಡೂರಿನ ಗ್ರಂಥಾಲಯವೊಂದು ಮಕ್ಕಳಿಗೆ ಕಾಮಿಕ್ಸ್ ಸ್ಪರ್ಧೆ ಇಟ್ಟಿತ್ತು. ಎರಡು ತಿಂಗಳು ಕೂತು ಇಪ್ಪತ್ನಾಲ್ಕು ಪುಟದ ಪುಸ್ತಕ ಬರೆದಳು. ಇದ್ದದ್ದು ಒಂದೇ ಪ್ರತಿ, ಸೋಮವಾರ ಕೊಡಬೇಕು. ಶನಿವಾರ ಬೆಳಗಿನ ಶಾಲೆಗೆ ಹೊರಡುವಾಗ ಅದನ್ನು ನನ್ನ ಕೈಗಿಟ್ಟು, "ಕಾಗುಣಿತ ಮಾತ್ರ ನೋಡು ತಾತ," ಎಂದಳು.

'ಮಾತ್ರ' ಎಂಬ ಪದ ನನ್ನ ಕಿವಿಗೆ ಬೀಳಲಿಲ್ಲ.

ಕೆರೆ ಕೆಳಗಿನ ಒಂದು ಊರಿನ ಕಥೆ. ಹಾರಬಲ್ಲ ಹುಡುಗಿಯೊಬ್ಬಳು ನಾಯಕಿ. ಖಳನಾಯಕ ನೀರುಗಂಟಿ, ಅಂದರೆ ಕೆರೆಯ ತೂಬು ತೆಗೆದು ಪಾಳಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವವನು. ಸಣಕಲು ಮನುಷ್ಯ. ಮೀಸೆಯಿಲ್ಲ, ನಗುವುದಿಲ್ಲ, ಕಂಕುಳಲ್ಲಿ ಹಳೇ ಛತ್ರಿ. ಹಿಂದೆ ಅವನಪ್ಪನ ಗದ್ದೆ ಒಣಗಿದಾಗ ಊರಿನ ಒಬ್ಬರೂ ತಮ್ಮ ಪಾಳಿ ಬಿಟ್ಟುಕೊಟ್ಟಿರಲಿಲ್ಲವಂತೆ. ಈಗ ಪೈರು ಬಾಡುತ್ತಿದೆ ಎಂದು ಯಾರೇ ಅತ್ತು ಬಂದರೂ ಅವನದು ಮೆತ್ತಗೆ ಒಂದೇ ಮಾತು: "ಇವತ್ತು ನಿಮ್ಮ ಪಾಳಿ ಅಲ್ಲ."

ಇವನೂ ಒಬ್ಬ ಖಳನಾಯಕನೇ? ಕರೆದು ಕಾಫಿ ಕೊಡೋಣ ಅನಿಸುವಂತಿದ್ದ!

ಮಗುವಿಗೆ ಬಹುಮಾನ ತಪ್ಪುತ್ತದಲ್ಲ ಎಂಬ ಕಳಕಳಿಯಿಂದ ಅವಳ ಕಪ್ಪು ಮಾರ್ಕರ್ ಎತ್ತಿಕೊಂಡೆ. ದಯವಿಟ್ಟು ನಂಬಿ, ಕಳಕಳಿಯೇ. ಮೀಸೆ ಎಡಗಡೆ ಉದ್ದವಾಯಿತು. ಸರಿದೂಗಿಸಲು ಬಲಗಡೆ ಎಳೆದೆ, ಅದು ಇನ್ನೂ ಉದ್ದವಾಯಿತು. ಎರಡೂ ಕಿವಿ ಮುಟ್ಟಿದ ಮೇಲೆ ನಿಲ್ಲಿಸಿದೆ. ಅವನ ಮಾತನ್ನು ಹೊಡೆದುಹಾಕಿ, "ಹಹ್ಹಹ್ಹಾ! ಎಲೈ ಮೂಢರಿರಾ, ಈ ನೀರು ನನ್ನದು!" ಎಂದು ದಪ್ಪಕ್ಷರದಲ್ಲಿ ಬರೆದೆ. ಹೀಗೆ ಹನ್ನೊಂದು ಪುಟ.

ಹಾಳೆ ತಿರುವಿದರೆ ಮಸಿ ಹಿಂಬದಿಗೆ ಇಳಿದಿತ್ತು. ನಾಯಕಿಗೂ ಮೀಸೆ ಬಂದಿತ್ತು.

ಅನುಭವಸ್ಥನಲ್ಲವೇ, ಗಾಬರಿಯಾಗಲಿಲ್ಲ. ಅಂಗಡಿಯಿಂದ ವೈಟ್ನರ್ ತಂದು ಬಳಿದೆ. ಅದು ಮಸಿಯೊಂದಿಗೆ ಬೆರೆತು, ನಾಯಕಿ ಮುಖಕ್ಕೆಲ್ಲ ಬೂದಿ ಬಳಿದುಕೊಂಡಂತಾದಳು. ಬೇಗ ಒಣಗಲಿ ಎಂದು ಇಸ್ತ್ರಿ ಪೆಟ್ಟಿಗೆ ಕಾಯಿಸಿ ಒತ್ತಿದೆ.

ಅಡುಗೆಮನೆಯಿಂದ ನನ್ನ ಹೆಂಡತಿ ಸರೋಜ ಕೇಳಿದಳು, "ಏನ್ರೀ ಅದು ಸುಟ್ಟ ವಾಸ್ನೆ?"

"ಏನಿಲ್ಲ ಕಣೇ. ನಾಯಕಿ ಒಣಗ್ತಾ ಅವ್ಳೆ."

ಬಂದು ಹಾಳೆ ನೋಡಿದಳು. "ಎಲ್ಲವ್ಳೆ ನಾಯಕಿ?"

ಇಸ್ತ್ರಿ ಪೆಟ್ಟಿಗೆ ತಿರುಗಿಸಿ ತೋರಿಸಿದೆ. ಅದರ ತಳಕ್ಕೆ ಅಂಟಿಕೊಂಡು ಹಾರುತ್ತಿದ್ದಳು.

ಅಷ್ಟರಲ್ಲಿ ಬುಕ್ಕಾಂಬುಧಿಯ ನನ್ನ ಗೆಳೆಯ ರುದ್ರಣ್ಣ ಬಂದ. ಕೆರೆ ಕೆಳಗೆ ಗದ್ದೆ ಇರುವವನು. ಯಾರಾದರೊಬ್ಬರು ನನ್ನ ಪರ ಮಾತಾಡಲಿ ಎಂದು ನಾನು ತಿದ್ದಿದ ಪುಟ ತೋರಿಸಿದೆ. ಬಿದ್ದು ಬಿದ್ದು ನಕ್ಕ. ಖಳನ ಜನ್ಮ ಸಾರ್ಥಕ! ಆಮೇಲೆ ಅವನೇ ಪುಸ್ತಕ ತಿರುವಿ, ನನ್ನ ಕೈ ತಪ್ಪಿಸಿಕೊಂಡು ಮೀಸೆಯಿಲ್ಲದೆ ಉಳಿದಿದ್ದ ನೀರುಗಂಟಿಯ ಒಂದು ಪುಟದಲ್ಲಿ ನಿಂತ. ನಗು ನಿಂತುಹೋಯಿತು.

"ಇವ್ನು ಮಾತ್ರ ಬ್ಯಾಡ ಕಣೋ," ಎಂದ. "ನಮ್ಮಪ್ಪ ತೂಬಿನ ಮುಂದೆ ಕೈ ಮುಗ್ದು ನಿಂತಿದ್ದಾಗ ನೀರುಗಂಟಿ ಹಿಂಗೇ ಮೆತ್ತಗೆ ಅಂದಿದ್ದ. ನ್ಯಾಯವಾಗೇ ಅಂದಿದ್ದ. ಅದ್ಕೇ ಇವತ್ತಿಗೂ ಹೊಟ್ಟೆ ಉರೀತದೆ."

ನನ್ನ ನಗುವಿಗೆ ಹೆದರಿ ಓಡಿದ ಮಕ್ಕಳು ಮರುದಿನ ಬೆಳಿಗ್ಗೆ ನನ್ನ ಹತ್ತಿರವೇ ಪೆಪ್ಪರ್‌ಮೆಂಟು ಕೇಳಲು ಬರುತ್ತಿದ್ದವು. ಅಟ್ಟಹಾಸ ಮಾಡುವವನು ಕೊನೆಯ ದೃಶ್ಯದಲ್ಲಿ ಸೋಲುತ್ತಾನೆ ಎಂಬುದು ಅವಕ್ಕೂ ಗೊತ್ತು. ಮೆತ್ತಗೆ ನ್ಯಾಯ ಹೇಳುವವನನ್ನು ಏನು ಮಾಡುವುದು? ಹದಿನಾಲ್ಕರ ಹುಡುಗಿಗೆ ತಿಳಿದಿದ್ದ ಇದು, ಆಯುಷ್ಯವೆಲ್ಲ ಹುಬ್ಬು ಗಂಟಿಕ್ಕಿದ ನನಗೆ ತಿಳಿದಿರಲಿಲ್ಲ.

ಮಧ್ಯಾಹ್ನ ಭೂಮಿಕಾ ಬಂದು ಹನ್ನೊಂದು ಪುಟವನ್ನೂ ಒಂದೊಂದಾಗಿ ತಿರುವಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿನ್ನ ಒಳ್ಳೇದಕ್ಕೇ ಕಣಮ್ಮ..." ಎಂದೆ.

"ಗೊತ್ತು ತಾತ. ಅದ್ಕೇ ನಿನ್ನ ಬೈಯೋಕೂ ಆಗ್ತಿಲ್ಲ."

ಸೋಮವಾರ ಮೊದಲ ಬಸ್ಸಿಗೆ ಕಡೂರಿಗೆ ಹೋಗಿ ಗ್ರಂಥಪಾಲಕಿಗೆ ಅರ್ಜಿ ಕೊಟ್ಟೆ: 'ಸದರಿ ಖಳನಾಯಕನಿಗೆ ಸದರಿ ಮೀಸೆಯನ್ನು ಬರೆದವನು ನಾನೇ ಆಗಿದ್ದು, ಇದರಲ್ಲಿ ಮಗುವಿನ ತಪ್ಪೇನೂ ಇಲ್ಲವಾದ್ದರಿಂದ, ಎಂಟು ದಿನಗಳ ಕಾಲಾವಕಾಶ ನೀಡಬೇಕಾಗಿ ಪ್ರಾರ್ಥನೆ.' ಆಕೆ ನಗು ತಡೆದುಕೊಂಡು ಓದಿ, ಕುರ್ಚಿ ಕೊಟ್ಟು, ಮೇಜಿನ ಮೇಲಿದ್ದ ಮಕ್ಕಳ ಪುಸ್ತಕಗಳ ಕಟ್ಟು ತೋರಿಸಿದರು. "ಇವ್ರೆಲ್ಲ ಹೇಳಿದ ದಿನಕ್ಕೆ ಕೊಟ್ಟಿದಾರೆ ಸಾರ್. ನಿಮ್ಗೊಬ್ರಿಗೆ ಹೆಂಗೆ ಬಿಡ್ಲಿ?" ಎಂದರು, ಬಹಳ ಮೆತ್ತಗೆ. ಅವರ ಮಾತು ನ್ಯಾಯವಾಗಿತ್ತು. ಎದ್ದು ಬಂದೆ.

ಸ್ಪರ್ಧೆ ಮುಗಿಯಿತು. ಯಾರಿಗೋ ಬಹುಮಾನ ಬಂತು. ನಾನು ಹತ್ತಿರ ಹೋದರೆ ಭೂಮಿಕಾ ಪುಸ್ತಕ ಮುಚ್ಚುವುದನ್ನು ಮೂರು ವಾರ ನೋಡಿದೆ. ಯಾವ ನಾಟಕದಲ್ಲೂ ನನಗೆ ಅಷ್ಟು ದೊಡ್ಡ ಶಿಕ್ಷೆಯಾಗಿರಲಿಲ್ಲ.

ಮೊನ್ನೆ ಅವಳೇ ಬಂದು ನನ್ನ ಎದುರು ಕೂತು ಹೊಸ ಪುಸ್ತಕ ತೆರೆದಳು. ಈ ಸಲ ಖಳನಾಯಕ ಯಾರು ಎಂದು ಹೆದರುತ್ತಲೇ ಕೇಳಿದೆ. ಅವಳು ನನ್ನ ಮುಖ ನೋಡಿ ಎರಡು ಗೆರೆ ಎಳೆದಳು. ಮತ್ತೆ ನೋಡಿ ಇನ್ನೆರಡು ಎಳೆದಳು.

ನಾನು ಕನ್ನಡಕ ಸರಿಮಾಡಿಕೊಂಡು, ಅಲುಗಾಡದೆ ಕುಳಿತೆ.